ಮೊದಲ ಸ್ಟೇರಿಂಗ್ ಯಾರ ಗಾಡಿಯದು? ಹೊಸ ಲಾರಿ ಡ್ರೈವರ್ ಮಾಲಕರನ್ನು ಆರಿಸುವ ಬಗೆ

ಹೋದ ತಿಂಗಳು ಚಿತ್ತಾಪುರ ತಾಲೂಕಿನ ಹುಡುಗನೊಬ್ಬ ಮನೆ ತನಕ ಬಂದಿದ್ದ. ಹೆವಿ ಲೈಸೆನ್ಸ್ ಕೈಗೆ ಬಂದು ಇಪ್ಪತ್ತು ದಿನ ಆಗಿತ್ತಷ್ಟೇ. ಅಂಚೆಯಲ್ಲಿ ಬಂದ ಕವರಿನ ಸಮೇತ ಅದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ. “ಕಾಕಾ, ಮೂರ್ ಕಡಿಂದ ಕರೀಲತ್ತಾರ. ಎಲ್ಲಿಗಿ ಹೋಗ್ಲಿ ಹೇಳ್ರಿ” ಅಂದ. ಒಂದು, ಸ್ವಂತ ಸೋದರಮಾವನ ಹತ್ತು ಚಕ್ರದ ಗಾಡಿ. ಇನ್ನೊಂದು, ಸೇಡಂ ಕಡೆ ಫ್ಯಾಕ್ಟರಿಯಿಂದ ಸಿಮೆಂಟ್ ಎತ್ತುವ ಟ್ರಾನ್ಸ್‌ಪೋರ್ಟ್. ಮೂರನೆಯದು ಹೈದರಾಬಾದಿನ ಕಂಟೇನರ್ ಕಂಪನಿ. “ಹೈದ್ರಾಬಾದ್ದಾಗ ಪಗಾರ ಜಾಸ್ತಿ ಅದ. ಆದ್ರ ಅವ್ವ ಬ್ಯಾಡಂತಾಳ.”

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈ ಪ್ರಶ್ನೆ ಹೊತ್ತು ತಿರುಗುವ ಹುಡುಗರು ಬಹಳ ಮಂದಿ. ನಾನು ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವನು. ಸಿಮೆಂಟ್, ತೊಗರಿಬೇಳೆ, ಹತ್ತಿ, ನೆಲ್ಲು ಎಲ್ಲ ಹೊತ್ತಿದ್ದೇನೆ. ನಾಲ್ಕು ವರ್ಷದಿಂದ ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಹೊಸ ಡ್ರೈವರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಡ್ರೈವರ್ ಕಡೆಯ ಲೆಕ್ಕವೂ ಗೊತ್ತು, ಆಫೀಸಿನ ಕಡೆಯ ಲೆಕ್ಕವೂ ಗೊತ್ತು. ಆ ಹುಡುಗನಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪಗಾರಕ್ಕಿಂತ ಮೊದಲು ಕೇಳಬೇಕಾದದ್ದು

ನನ್ನ ಮೊದಲ ಮಾಲಕನಿಗೆ ಎರಡು ಗಾಡಿ ಇದ್ದವು. ಮಳೆಗಾಲ, ಸಿಮೆಂಟ್ ಲೋಡ್. ತಾಡಪತ್ರಿ ಒಂದು ಕಡೆ ಮೊಳದಷ್ಟು ಹರಿದಿತ್ತು. ಹೊರಡುವ ಮೊದಲೇ ತೋರಿಸಿದೆ. “ಇದೊಂದ್ ಟ್ರಿಪ್ ನಡೀಲಿ” ಅಂದರು. ಭೀಮಾ ಸೇತುವೆ ಹಿಂದೆ ಬಿಟ್ಟು ಜೇವರ್ಗಿ ದಾಟಿದ ಮೇಲೆ ಮಳೆ ಹಿಡಿಯಿತು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ, ನೀರು ಒಳಗೆ ಇಳಿಯುತ್ತಿದೆ, ಎಲ್ಲಾದರೂ ನೆರಳಿಗೆ ಹಚ್ಚಲೇ ಎಂದು ಕೇಳಿದೆ. “ನಿಂದ್ರಬ್ಯಾಡ, ಹೊಡಿ.” ಮರುದಿನ ಹಮಾಲರು ಚೀಲಕ್ಕೆ ಕೈ ಹಾಕಿದಾಗ ಆ ಮೂಲೆಯ ಚೀಲಗಳು ಕಲ್ಲಾಗಿದ್ದವು, ಬಡಿದರೆ ಠಣ್ ಎನ್ನುತ್ತಿದ್ದವು. ನಲವತ್ತೆರಡು ಚೀಲ. ಅಷ್ಟರ ದುಡ್ಡೂ ಐದು ತಿಂಗಳು ನನ್ನ ಪಗಾರದಲ್ಲಿ ಮುರಿದುಕೊಂಡರು.

ಎರಡನೇ ಮಾಲಕರ ಹತ್ತಿರ ಸೇರಿದ ವರ್ಷವೇ ಒಂದು ರಾತ್ರಿ ಬ್ರೇಕಿನ ಏರ್ ಕಟ್ಟುವುದು ನಿಂತಿತು. ಗೇಜಿನ ಮುಳ್ಳು ಕಣ್ಣೆದುರೇ ಕೆಳಗೆ ಬರುತ್ತಿತ್ತು. ಬೆಳಗ್ಗೆ ಎಂಟಕ್ಕೆ ಮಾಲು ಮುಟ್ಟಬೇಕಿತ್ತು. ನಡುಗುವ ಕೈಯಲ್ಲಿ ಫೋನ್ ಹಚ್ಚಿದೆ. ಅವರು ಹೇಳಿದ್ದು ಇಷ್ಟೇ: “ಬಾಜೂಕ ಹಚ್ಚಿ, ಕಲ್ಲ ಕೊಟ್ಟು ಮಲಕೋ ತಮ್ಮಾ. ಪಾರ್ಟಿಗಿ ನಾ ಮಾತಾಡ್ತೀನಿ.” ಅವರ ಹತ್ತಿರ ಏಳು ವರ್ಷ ಇದ್ದೆ. ಇನ್ನೊಬ್ಬರು ಎರಡು ಸಾವಿರ ಹೆಚ್ಚು ಕೊಡುತ್ತೇವೆ ಎಂದು ಕರೆದಾಗಲೂ ಹೋಗಲಿಲ್ಲ.

ಆದ್ದರಿಂದ ನನ್ನ ಮೊದಲ ಅಳತೆ ಇದು: ರಾತ್ರಿ ಎರಡು ಗಂಟೆಗೆ ಕೆಟ್ಟ ಸುದ್ದಿ ಹೇಳಿದರೆ ಈ ಮಾಲಕ ಏನನ್ನುತ್ತಾನೆ? ಹೊಸ ಡ್ರೈವರ್ ಕೈಯಲ್ಲಿ ಮೊದಲ ವರ್ಷ ಏನಾದರೊಂದು ಆಗಿಯೇ ಆಗುತ್ತದೆ. ಕನ್ನಡಿ ಒಡೆಯುತ್ತದೆ, ರಿವರ್ಸ್ ತೆಗೆಯುವಾಗ ಬಂಪರ್ ಗೋಡೆಗೆ ತಾಗುತ್ತದೆ, ಟೈರ್ ಸಿಡಿಯುತ್ತದೆ. ಆ ನಷ್ಟ ಯಾರ ಮೇಲೆ ಎಂಬುದನ್ನು ಸೇರುವ ದಿನವೇ ಬಾಯಿಬಿಟ್ಟು ಕೇಳಬೇಕು. ಉತ್ತರವನ್ನು ಮಾಲಕನಿಂದ ಮಾತ್ರ ಕೇಳಿದರೆ ಸಾಲದು. ಲೋಡಿಂಗ್ ಗೇಟಿನ ಸಾಲಿನಲ್ಲಿ, ಧಾಬಾದಲ್ಲಿ, ಅವರ ಗಾಡಿ ಓಡಿಸುವವರ ಪಕ್ಕ ಕೂತು ಚಹಾ ಕುಡಿಯಿರಿ. ಹಿಂದಿನ ಡ್ರೈವರ್ ಯಾಕೆ ಬಿಟ್ಟ, ಬಿಟ್ಟಾಗ ಬಾಕಿ ಪಗಾರ ಕೊಟ್ಟರೇ, ಈ ಎರಡನ್ನೇ ಕೇಳಿ. ಅರ್ಧ ಗಂಟೆಯಲ್ಲಿ ಮಾಲಕನ ಜಾತಕ ಸಿಗುತ್ತದೆ.

ಎರಡನೆಯದು ನಿದ್ದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಾಗಿನಿಂದಲೂ ನಮ್ಮ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ. ರಸ್ತೆಯ ಮೇಲೆ ಅದು ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮಾಲಕ ಆ ಮಿತಿಗೆ ಎಷ್ಟು ಹತ್ತಿರ ಇದ್ದಾನೆ ನೋಡಿ. ಕಲಬುರಗಿಯಿಂದ ಬೆಂಗಳೂರಿಗೆ 600 ಕಿಲೋಮೀಟರಿನ ಆಸುಪಾಸು. ಅದನ್ನು ಒಬ್ಬನೇ ಒಂದೇ ರಾತ್ರಿಯಲ್ಲಿ ಹೊಡೆಯಬೇಕು ಎನ್ನುವವರು ಇದ್ದಾರೆ. ಲೋಡಿಗಾಗಿ ಹಗಲೆಲ್ಲ ಸಾಲಿನಲ್ಲಿ ಕಾದು, ಸಂಜೆ ಲೋಡ್ ಆಗಿ, ರಾತ್ರಿ ಹೊರಟರೆ ಆ ಹಗಲು ವಿಶ್ರಾಂತಿ ಆದಂತಲ್ಲ. ಎರಡು ಹೆಜ್ಜೆಗೊಮ್ಮೆ ಸಾಲು ಮುಂದೆ ಸರಿಯುವಾಗ ಯಾರಿಗೂ ನಿದ್ದೆ ಹತ್ತುವುದಿಲ್ಲ. ಇನ್ನೊಂದು ಲೆಕ್ಕವೂ ತಿಳಿದಿರಲಿ. ಇ-ವೇ ಬಿಲ್ಲಿಗೆ (ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ) 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಇರುತ್ತದೆ. 600 ಕಿಲೋಮೀಟರಿಗೆ ಮೂರು ದಿನ. “ಬಿಲ್ ಮುಗೀತದ, ಓಡು” ಎಂದು ಯಾರಾದರೂ ಮೊದಲ ರಾತ್ರಿಯೇ ಹೆದರಿಸಿದರೆ ಬಿಲ್ ತೆಗೆದು ಅದರ ಮೇಲಿನ ತಾರೀಖು ಓದಿ.

ಮೂರನೆಯದು ಕಾಗದ. ಆರ್‌ಸಿ (ಗಾಡಿಯ ನೋಂದಣಿ), ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್), ಪರ್ಮಿಟ್, ಹೊಗೆ ತಪಾಸಣೆ, ಇವು ಚಾಲ್ತಿಯಲ್ಲಿ ಇವೆಯೇ ಎಂಬುದು ಫೋನಿನಲ್ಲೇ ಗೊತ್ತಾಗುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಆಗಬೇಕು. ವಿಮೆ ಪಾಲಿಸಿಯಲ್ಲಿ ‘ಪೇಯ್ಡ್ ಡ್ರೈವರ್’ ಎಂಬ ಸಾಲಿಗೆ ಪ್ರೀಮಿಯಂ ಕಟ್ಟಿದ್ದಾರೆಯೇ ಎಂದು ನೋಡಿ. ನಿಮಗೆ ಏನಾದರೂ ಆದರೆ ಮನೆಯವರು ಹಿಡಿದುಕೊಂಡು ಓಡಾಡುವುದು ಅದೇ ಕಾಗದವನ್ನು. ನಿಮ್ಮ ಮೂಲ ಲೈಸೆನ್ಸನ್ನು ಮಾತ್ರ ಯಾರ ಕೈಗೂ ಕೊಡಬೇಡಿ. “ಆಫೀಸಿನಾಗ ಇರ್ಲಿ” ಎಂದು ಇಸಿದುಕೊಂಡು, ಬಿಟ್ಟು ಹೋಗುವಾಗ ಸತಾಯಿಸುವ ರೂಢಿ ಇದೆ. ಜೆರಾಕ್ಸ್ ಕೊಡಿ, ಸಾಕು.

ನಾಲ್ಕನೆಯದು ಮುಂಗಡ. ಇದರ ಬಗ್ಗೆ ನನಗೆ ಹೊಟ್ಟೆಯೊಳಗೆ ಸಂಕಟವಿದೆ. ತಂಗಿ ಮದುವೆ, ಮನೆ ಮಾಳಿಗೆ, ತಂದೆಯ ಆಸ್ಪತ್ರೆ, ಯಾವುದೋ ಒಂದಕ್ಕೆ ಮಾಲಕನಿಂದ 50 ಸಾವಿರ, ಲಕ್ಷ ಎತ್ತಿಕೊಂಡ ಹುಡುಗರು ಆಮೇಲೆ ಗಾಡಿಯಲ್ಲಿ ಏನೇ ಕೆಟ್ಟಿದ್ದರೂ ಇಳಿಯುವ ಹಾಗಿಲ್ಲ. ಹರಿದ ತಾಡಪತ್ರಿ, ಸವೆದ ಟೈರ್, ಬಾರದ ನಿದ್ದೆ ಎಲ್ಲವನ್ನೂ ಆ ಮುಂಗಡ ಒಪ್ಪಿಸುತ್ತದೆ. ಮೊದಲ ಕೆಲಸಕ್ಕೆ ಒಂದು ತಿಂಗಳ ಪಗಾರಕ್ಕಿಂತ ಹೆಚ್ಚು ಮುಂಗಡ ಮುಟ್ಟಬೇಡಿ. ದುಡ್ಡಿನ ಗರಜು ಅಷ್ಟಿದ್ದರೆ ಬ್ಯಾಂಕು, ಸಂಘ, ನೆಂಟರು, ಬೇರೆ ಎಲ್ಲಾದರೂ ಕೇಳಿ. ಸ್ಟೇರಿಂಗ್ ಯಾರದೋ ಅವರ ಸಾಲ ಬೇಡ.

ಇನ್ನು ಪಗಾರ. ಒಬ್ಬ ಮಾಲಕ 22 ಸಾವಿರ ಎನ್ನುತ್ತಾನೆ, ಊಟ ನಿಮ್ಮದೇ. ಇನ್ನೊಬ್ಬ 16 ಸಾವಿರ, ರಸ್ತೆಯಲ್ಲಿದ್ದ ದಿನಕ್ಕೆ 300 ರೂಪಾಯಿ ಭತ್ತಾ ಎನ್ನುತ್ತಾನೆ. ಕೇಳಿದೊಡನೆ ಮೊದಲನೆಯದೇ ದೊಡ್ಡದು ಅನಿಸುತ್ತದೆ. ತಿಂಗಳಿಗೆ 24 ದಿನ ರಸ್ತೆಯಲ್ಲಿ, ಊಟ-ಚಹಾ-ಸ್ನಾನಕ್ಕೆ ದಿನಕ್ಕೆ 250 ಎಂದು ಹಿಡಿಯಿರಿ. ಮೊದಲನೆಯದರಲ್ಲಿ ಊಟಕ್ಕೆ 6,000 ಹೋಗಿ ಮನೆಗೆ 16 ಸಾವಿರ ಬರುತ್ತದೆ. ಎರಡನೆಯದರಲ್ಲಿ ಭತ್ತಾ 7,200 ಸೇರಿ, ಅದೇ 6,000 ಹೋಗಿ, 17,200 ಉಳಿಯುತ್ತದೆ. ಡೀಸೆಲ್ ಎವರೇಜಿನ ಕರಾರು ಇದ್ದರೆ ಇನ್ನೂ ಹುಷಾರಾಗಿರಿ. ಲೀಟರಿಗೆ 4 ಕಿಲೋಮೀಟರ್ ಕೊಡಬೇಕು, ಕಡಿಮೆ ಬಂದರೆ ಮುರಿಯುತ್ತೇವೆ ಎಂದರೆ 600 ಕಿಲೋಮೀಟರಿಗೆ 150 ಲೀಟರ್. ಹೊಸ ಕೈ, ಹಳೇ ಇಂಜಿನ್, ಘಾಟಿ ರಸ್ತೆ, 3.75 ಬಂದರೆ 160 ಲೀಟರ್. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ ಒಂದೇ ಟ್ರಿಪ್ಪಿಗೆ 900 ಕೈಬಿಡುತ್ತದೆ. ಮೊದಲ ಮೂರು ತಿಂಗಳು ಎವರೇಜ್ ಕಡಿತ ಇಲ್ಲ ಎಂದು ಒಪ್ಪಿಸಿಕೊಳ್ಳಿ. ಒಪ್ಪದಿದ್ದರೆ ಅವರ ಹಳೇ ಡ್ರೈವರಿಗೆ ಅದೇ ಗಾಡಿ ಎಷ್ಟು ಕೊಡುತ್ತಿತ್ತು ಎಂದು ಕೇಳಿ ಆ ಲೆಕ್ಕಕ್ಕೇ ಕರಾರು ಮಾಡಿಕೊಳ್ಳಿ.

ಕೊನೆಯದು, ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ? ಲೈಸೆನ್ಸ್ ಪರೀಕ್ಷೆಯಲ್ಲಿ ಖಾಲಿ ಗಾಡಿ ಓಡಿಸಿದ್ದೀರಿ. ಲೋಡ್ ಆದ ಗಾಡಿ ಬೇರೆಯದೇ ಪ್ರಾಣಿ. ಮೊದಲ ಹದಿನೈದು ದಿನವಾದರೂ ಹಿರಿಯ ಡ್ರೈವರ್ ಜೊತೆ ಕಳಿಸುವ ಮಾಲಕ ಸಾವಿರ ರೂಪಾಯಿ ಕಡಿಮೆ ಕೊಟ್ಟರೂ ಅಡ್ಡಿಯಿಲ್ಲ.

ಮಾಮನ ಗಾಡಿ, ಊರ ಸಾವ್ಕಾರ್ರ ಗಾಡಿ

ಒಂದೆರಡು ಗಾಡಿಯ ಮಾಲಕ ನಮ್ಮ ಮೂರೂ ಜಿಲ್ಲೆಗಳಲ್ಲಿ ಊರೂರಿಗೂ ಸಿಗುತ್ತಾನೆ. ಇಲ್ಲಿಯ ದೊಡ್ಡ ಸುಖ ಪರಿಚಯ. ಅವ್ವ-ಅಪ್ಪನಿಗೆ ಮಗ ಎಲ್ಲಿದ್ದಾನೆ ಗೊತ್ತಿರುತ್ತದೆ, ಶರಣಬಸವೇಶ್ವರ ಜಾತ್ರೆಗೋ ಬಂದೇನವಾಜರ ಉರುಸಿಗೋ ರಜೆ ಕೇಳಿದರೆ ಸಿಗುತ್ತದೆ. ಗಾಡಿ ಕೆಲಸವನ್ನು ಇಷ್ಟು ಹತ್ತಿರದಿಂದ ಕಲಿಯಲು ಬೇರೆ ಜಾಗ ಇಲ್ಲ. ಗ್ರೀಸ್ ಹೊಡೆಯುವುದು, ಬ್ರೇಕ್ ಅಡ್ಜಸ್ಟ್, ಹಗ್ಗ ಕಟ್ಟುವುದು, ಮೆಕ್ಯಾನಿಕ್ ಎಲ್ಲಿ ಮೋಸ ಮಾಡುತ್ತಾನೆ ಎಂಬುದು, ಎಲ್ಲ ಮಾಲಕನ ಜೊತೆಗೇ ತಿಳಿಯುತ್ತದೆ. ಮುಂದೆ ಸ್ವಂತ ಗಾಡಿ ಹಾಕುವ ಆಸೆ ಇದ್ದವರಿಗೆ ಬಾಡಿಗೆ ಹೇಗೆ ಕುದುರುತ್ತದೆ, ಬಿಲ್ಟಿ (ಮಾಲು ಸಾಗಿಸುವ ರಸೀದಿ) ಎಂದರೇನು, ಬ್ರೋಕರ್ ಎಷ್ಟು ಹಿಡಿಯುತ್ತಾನೆ ಎಂಬುದೂ ಇಲ್ಲೇ ಕಲಿಯಲು ಸಿಗುವುದು.

ತೊಡಕು ಇರುವುದು ಅದೇ ಪರಿಚಯದಲ್ಲಿ. ಮಾಮನಿಗೆ ಪಗಾರ ಕೇಳಲು ನಾಲಿಗೆ ಏಳುವುದಿಲ್ಲ. “ಮನೀದಾಗಿನವ್ನೇ ಅಲ್ಲೇನು, ಮುಂದಿನ್ ತಿಂಗಳ ಸೇರ್ಸಿ ಕೊಡ್ತೀನಿ” ಎನ್ನುವುದು ಆರು ತಿಂಗಳು ಎಳೆಯುತ್ತದೆ. ಜಗಳವಾದರೆ ಅಕ್ಕನ ಮನೆ, ತಮ್ಮನ ಮನೆ ಎರಡೂ ಕೆಡುತ್ತವೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇಲ್ಲಿ ಸಿಗುವುದಿಲ್ಲ. ಪಿಎಫ್‌ಗೆ 20 ಜನ, ಇಎಸ್‌ಐಗೆ 10 ಜನ ಕೆಲಸಗಾರರು ಇರಬೇಕು. ಗಾಡಿಯ ಕಂತು ಎರಡು ತಪ್ಪಿದರೆ ಫೈನಾನ್ಸಿನವರು ದಾರಿಯಲ್ಲೇ ಗಾಡಿ ಹಿಡಿಯುತ್ತಾರೆ, ಆ ಹೊತ್ತಿಗೆ ಸೀಟಿನಲ್ಲಿ ಇರುವವರು ನೀವು. ಆದ್ದರಿಂದ ಮಾಮನ ಗಾಡಿಗೆ ಹೋಗುವುದಾದರೆ ಎರಡು ಕೆಲಸ ಮಾಡಿ. ಪಗಾರ ಪ್ರತಿ ತಿಂಗಳು ಇಂಥ ತಾರೀಖಿಗೆ ಬ್ಯಾಂಕ್ ಖಾತೆಗೆ ಎಂದು ಮನೆಯ ಹಿರಿಯರೊಬ್ಬರ ಎದುರು ಮಾತಾಡಿ. ಟ್ರಿಪ್ಪಿನ ಲೆಕ್ಕವನ್ನು ಎರಡು ರೂಪಾಯಿ ಚಹಾದ ತನಕ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳ ಕೊನೆಗೆ ಅವರ ಸಹಿ ಹಾಕಿಸಿ. ಸಂಬಂಧ ಉಳಿಯಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ಸಿಮೆಂಟಿನ ಸಾಲು

ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ, ಕಾಗಿಣಾ ನದಿಯ ಸುತ್ತಮುತ್ತಲಿನ ಈ ಸುಣ್ಣಕಲ್ಲಿನ ನೆಲ ನಮ್ಮ ಭಾಗದ ಡ್ರೈವರುಗಳಿಗೆ ದೊಡ್ಡ ಅನ್ನ. ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿ ಶುರುವಾದದ್ದು 1968ರಲ್ಲಿ. ಈಗ ಈ ಸಾಲಿನಲ್ಲಿ ದೊಡ್ಡ ಫ್ಯಾಕ್ಟರಿಗಳೇ ಅರ್ಧ ಡಜನಿಗೂ ಮೇಲೆ. ಇವುಗಳ ಜೊತೆ ಕಾಂಟ್ರಾಕ್ಟ್ ಇರುವ ಟ್ರಾನ್ಸ್‌ಪೋರ್ಟುಗಳಲ್ಲಿ ವರ್ಷವಿಡೀ ಲೋಡ್ ಇರುತ್ತದೆ, ಮಳೆಗಾಲದಲ್ಲಿ ಸ್ವಲ್ಪ ತೆಳುವಾಗುತ್ತದೆ.

ಹೊಸಬರಿಗೆ ನಾನು ಬಹಳ ಸಲ ಇದನ್ನೇ ಹೇಳುತ್ತೇನೆ. ಫ್ಯಾಕ್ಟರಿ ಗೇಟಿನ ಒಳಗೆ ಹೋಗಬೇಕೆಂದರೆ ಕಾಗದ ಸರಿ ಇರಬೇಕು, ಶೂ-ಹೆಲ್ಮೆಟ್ ಇರಬೇಕು. ಮಾಲಕ ತಪ್ಪಿಸಿಕೊಳ್ಳಬೇಕೆಂದರೂ ಗೇಟಿನವರು ಬಿಡುವುದಿಲ್ಲ. ದಾರಿಗಳು ಗೊತ್ತಿರುವವೇ: ಸೋಲಾಪುರ, ಹೈದರಾಬಾದ್, ವಿಜಯಪುರ, ಹೊಸಪೇಟೆ. ಎರಡು-ಮೂರು ದಿನಕ್ಕೊಮ್ಮೆ ಮನೆಯ ದಾರಿಗೆ ಬರುತ್ತೀರಿ. ಒಂದೇ ರಸ್ತೆ ಹತ್ತು ಸಲ ಓಡಿದರೆ ಎಲ್ಲಿ ಹಂಪು, ಎಲ್ಲಿ ದನ, ಎಲ್ಲಿ ಶಾಲೆ ಎಂದು ಕೈಗೇ ಗೊತ್ತಾಗುತ್ತದೆ. ಹೊಸ ಕೈ ಕುದುರುವುದು ಹೀಗೆ.

ಇಲ್ಲಿನ ಮುಖ್ಯ ತಕರಾರು ಎರಡು. ಒಂದು, ಕಾಯುವುದು. ಕೆಲವೊಮ್ಮೆ ಲೋಡಿಗೆ ಒಂದು ದಿನ, ಇಳಿಸಲು ಇನ್ನೊಂದು ದಿನ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಸೇರಿದರೆ ಕಾದ ದಿನಕ್ಕೆ ಏನೂ ಇಲ್ಲ. ಕಾದ ದಿನದ ಭತ್ತಾ ಎಂದಿನಿಂದ ಶುರು, ಗೇಟಿಗೆ ಬಂದ ಹೊತ್ತಿನಿಂದಲೋ ಮರುದಿನದಿಂದಲೋ ಎಂಬುದನ್ನು ಮೊದಲೇ ಕೇಳಿ. ಸಿಮೆಂಟಿನಲ್ಲಿ ತಿಂಗಳ ಪಗಾರವೇ ಹೊಸಬರಿಗೆ ವಾಸಿ.

ಇನ್ನೊಂದು, ತೂಕ. ಹತ್ತು ಚಕ್ರದ ಗಾಡಿಗೆ ಮಾಲು ಸೇರಿ ಒಟ್ಟು ತೂಕದ ಮಿತಿ 28.5 ಟನ್, ಆರು ಚಕ್ರಕ್ಕೆ 18.5. ಖಾಲಿ ಗಾಡಿ 10 ಟನ್ ತೂಗಿದರೆ ಹೊರಬಹುದಾದದ್ದು 18.5 ಟನ್. ಚೀಲ 50 ಕೆಜಿ, ಅಂದರೆ 370 ಚೀಲ. ಫ್ಯಾಕ್ಟರಿಯ ತೂಕದ ಕಾಟಾದಲ್ಲಿ ಇದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಹೊರಗಿನ ಗೋಡೌನಿನಿಂದ ಎತ್ತುವಾಗ “ಇನ್ನೊಂದ್ ಅರವತ್ತ್ ಚೀಲ ಹಾಕು” ಎನ್ನುತ್ತಾರೆ. ಅರವತ್ತು ಚೀಲ ಎಂದರೆ 3 ಟನ್. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20 ಸಾವಿರ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ. ಅಲ್ಲಿಗೆ 26 ಸಾವಿರ. ಆ ದಂಡ ಯಾರು ಕಟ್ಟುತ್ತಾರೆ ಎಂದು ಕೇಳಿದಾಗ ಮಾಲಕನ ಮುಖ ನೋಡಿ. ದಂಡಕ್ಕಿಂತ ದೊಡ್ಡ ಮಾತು ಬ್ರೇಕಿನದು. ಇಳಿಜಾರಿನಲ್ಲಿ ಮುಂದಿನ ಬಸ್ಸು ತಟ್ಟನೆ ನಿಂತರೆ ಆ 3 ಟನ್ ನಿಮ್ಮ ಬೆನ್ನ ಹಿಂದಿರುತ್ತದೆ.

ಬಲ್ಕರ್ ಬೇರೆ ಲೆಕ್ಕ. ಬಿಡಿ ಸಿಮೆಂಟ್ ಹೊರುವ, ರಾಯಚೂರಿನ ಶಕ್ತಿನಗರದಿಂದ ಹಾರುಬೂದಿ ತರುವ ಆ ಗಾಡಿಗಳಲ್ಲಿ ಭಾರ ಎತ್ತರದಲ್ಲಿ ಕೂತಿರುತ್ತದೆ. ತಿರುವಿನಲ್ಲಿ ಸ್ವಲ್ಪ ಬಿರುಸಾದರೂ ಪಲ್ಟಿ. ಕಂಪ್ರೆಸರ್ ಹಚ್ಚಿ ಮಾಲು ಇಳಿಸುವ ಕೆಲಸವೂ ಕಲಿಯಬೇಕು. ಒಂದು ವರ್ಷ ಚೀಲದ ಗಾಡಿ ಓಡಿಸಿ ಆಮೇಲೆ ಏರಿ.

ಬಜಾರಿನ ಲೋಡು

ಕಲಬುರಗಿಯ ದಾಲ್ ಮಿಲ್ಲುಗಳಿಂದ ಬೇಳೆ, ಶಹಾಪುರ-ಸುರಪುರದಿಂದ ಹತ್ತಿ ಮತ್ತು ನೆಲ್ಲು, ಶಹಾಬಾದದಿಂದ ಫರಸಿ ಕಲ್ಲು, ಹುಮನಾಬಾದ್ ಕಡೆಯಿಂದ ಕೈಗಾರಿಕೆಯ ಮಾಲು. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು ಇಂದು ಬೆಂಗಳೂರು, ನಾಳೆ ಮುಂಬೈ, ನಾಡಿದ್ದು ಚೆನ್ನೈ. ಕೈಗೆ ಸಿಗುವ ದುಡ್ಡು ಇಲ್ಲಿ ಹೆಚ್ಚು, ದೇಶ ನೋಡುವ ಹುರುಪಿನ ಹುಡುಗರಿಗೆ ಇದರ ಮೇಲೆಯೇ ಕಣ್ಣು. ಹೊಸ ತೊಗರಿ ಬಜಾರಿಗೆ ಬರುವ ಜನವರಿ-ಫೆಬ್ರುವರಿಯಲ್ಲಿ ಗಾಡಿಗೆ ಬಿಡುವೇ ಇಲ್ಲ.

ಆದರೆ ಮೊದಲ ಕೆಲಸ ಇದಾಗಬಾರದು ಎಂಬುದು ನನ್ನ ಮಾತು. ರಿಟರ್ನ್ ಲೋಡ್ ಸಿಗದೆ ಪರ ಊರಲ್ಲಿ ನಾಲ್ಕು ದಿನ ಗಾಡಿಯೊಳಗೆ ಮಲಗಬೇಕಾಗುತ್ತದೆ. ಭಾಷೆ ಬಾರದ ಕಡೆ ಪಾರ್ಟಿ “ಎರಡು ಚೀಲ ಕಡಿಮೆ ಇದೆ” ಎಂದರೆ ವಾದಿಸಲು ಬಾಯಿ ಬೇಕು, ಕಾಗದ ಓದುವ ಕಣ್ಣು ಬೇಕು. ಹೋಗಲೇಬೇಕು ಎಂದರೆ ಇಬ್ಬರು ಡ್ರೈವರ್ ಹಾಕುವ ಗಾಡಿಗೆ ಮಾತ್ರ ಹೋಗಿ, ಲೋಡ್ ಆಗುವಾಗ ಚೀಲ ನೀವೇ ಎಣಿಸಿ.

ಕಬ್ಬು, ಟಿಪ್ಪರ್, ಟ್ಯಾಂಕರ್

ಬೀದರ್ ಜಿಲ್ಲೆಯ, ಆಳಂದ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊಡೆಯುವುದು ಚಳಿಗಾಲದ ನಾಲ್ಕೈದು ತಿಂಗಳ ಕೆಲಸ. ಹೆಚ್ಚಿನವರಿಗೆ ಅದು ಮುಂಗಡದ ಕೆಲಸ, ಮೇಲೆ ಹೇಳಿದ್ದನ್ನು ನೆನಪಿಡಿ. ಹಂಗಾಮು ಮುಗಿದ ಮೇಲೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇದ್ದರೆ ಮಾತ್ರ ಹೋಗಿ. ಟಿಪ್ಪರಿನಲ್ಲಿ ಟ್ರಿಪ್ಪಿನ ಲೆಕ್ಕ ಡ್ರೈವರನ್ನು ಓಡಿಸುತ್ತದೆ. ಹಗಲಿಗೆ ಎಷ್ಟು ಟ್ರಿಪ್ ಎಂಬುದರ ಮೇಲೆ ದುಡ್ಡು ಎಂದಾದರೆ ಹಳ್ಳಿ ರಸ್ತೆಯಲ್ಲಿ ನಿಧಾನ ಮಾಡಲು ಮನಸ್ಸು ಬರುವುದಿಲ್ಲ. ಮರಳು-ಮುರುಮಿನ ಪರ್ಮಿಟ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಠಾಣೆಗೆ ಹೋಗುವವರು ಮೊದಲು ನೀವು. ಪೆಟ್ರೋಲ್, ಗ್ಯಾಸ್, ಕೆಮಿಕಲ್ ಟ್ಯಾಂಕರಿಗೆ ಅಪಾಯಕಾರಿ ಸರಕಿನ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ಅದಿಲ್ಲದೆ ಯಾರಾದರೂ ಕರೆದರೆ ಆ ಮಾಲಕ ಎಂಥವನೆಂದು ಅಲ್ಲಿಗೇ ತಿಳಿಯಿರಿ.

ಕಂಟೇನರ್ ಕಂಪನಿ

ಹೈದರಾಬಾದ್, ಪುಣೆ, ಬೆಂಗಳೂರಿನ ದೊಡ್ಡ ಕಂಪನಿಗಳು ನಮ್ಮ ಹುಡುಗರನ್ನು ತೆಗೆದುಕೊಳ್ಳುತ್ತವೆ. ಹುಮನಾಬಾದ್ ಹಾದು ಹೋಗುವ 65ನೇ ಹೆದ್ದಾರಿಯಲ್ಲಿ ಪುಣೆ-ಹೈದರಾಬಾದ್ ನಡುವೆ ಅವರ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಇಲ್ಲಿ ಪಗಾರ ತಾರೀಖಿಗೆ ಸರಿಯಾಗಿ ಖಾತೆಗೆ ಬರುತ್ತದೆ. ಪಿಎಫ್‌ಗೆ ನಿಮ್ಮ ಪಗಾರದಿಂದ 12 ಪರ್ಸೆಂಟ್ ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಪಗಾರ 21 ಸಾವಿರದ ಒಳಗಿದ್ದರೆ ಇಎಸ್‌ಐ ಇರುತ್ತದೆ, ನಿಮ್ಮ ಪಾಲು 0.75 ಪರ್ಸೆಂಟ್, ಅವರದು 3.25. ಆ ಕಾರ್ಡಿನಿಂದ ಮನೆಯವರಿಗೆ ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಅಪ್ಪ-ಅವ್ವನಿಗೆ ಬಿಪಿ, ಶುಗರ್ ಇರುವ ಮನೆಗೆ ಇದು ದೊಡ್ಡ ಆಸರೆ. ಗಾಡಿ ಹೊಸದಾಗಿರುತ್ತದೆ. 2025ರಲ್ಲಿ ಹೊಸ ನಿಯಮ ಜಾರಿಯಾದ ಮೇಲೆ ತಯಾರಾದ ಲಾರಿಗಳಲ್ಲಿ ಕ್ಯಾಬಿನ್‌ಗೆ ಎಸಿ ಕಡ್ಡಾಯ, ನಮ್ಮ ಮೇ ತಿಂಗಳ ಬಿಸಿಲು ತಿಂದವರಿಗೆ ಅದರ ಬೆಲೆ ಗೊತ್ತು.

ಇದರ ಬದಲಿಗೆ ಏನು ಬಿಡಬೇಕು ಎಂಬುದೂ ಇದೆ. ಮನೆ ತಿಂಗಳಿಗೊಮ್ಮೆ. ಜಿಪಿಎಸ್ ನಿಮ್ಮ ಪ್ರತಿ ನಿಲುಗಡೆಯನ್ನೂ ಎಣಿಸುತ್ತದೆ, ಒಂದು ಬಿರುಸಿನ ಬ್ರೇಕಿಗೂ ಫೋನ್ ಬರುತ್ತದೆ. ಬಹಳ ಕಂಪನಿಗಳು ಹೊಸ ಲೈಸೆನ್ಸಿನವರನ್ನು ನೇರ ತೆಗೆದುಕೊಳ್ಳದೆ ಏಜೆನ್ಸಿ ಮೂಲಕ ತೆಗೆದುಕೊಳ್ಳುತ್ತವೆ. ಆಗ ಗಾಡಿಯ ಮೇಲೆ ಕಂಪನಿಯ ಹೆಸರು, ಪಗಾರ ಕೊಡುವವನು ಬೇರೊಬ್ಬ. ನೇಮಕದ ಕಾಗದ ಯಾರ ಹೆಸರಿನಲ್ಲಿದೆ, ಪಿಎಫ್ ನಂಬರ್ ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಕೇಳಿ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಂದಲೇ ತಿರುಗಿ ಬನ್ನಿ.

ದೊಡ್ಡ ಗಾಡಿಗೆ ಇನ್ನೂ ಧೈರ್ಯ ಬಾರದವರು

ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಹೆವಿಗೆ ಹೋಗುವ ಮೊದಲು ಎಲ್‌ಎಂವಿ, ಅಂದರೆ ಹಗುರ ಗಾಡಿಯ ಲೈಸೆನ್ಸ್, ಒಂದು ವರ್ಷ ಹಳೆಯದಾಗಿರಬೇಕು. ಆ ವರ್ಷವನ್ನು ಕ್ಲೀನರ್ ಆಗಿ ಕಳೆಯುವ ಬದಲು ಸಣ್ಣ ಗಾಡಿಯಲ್ಲಿ ಕಳೆಯಬಹುದು. ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತ ಮಾಡಿದೆ. ಕಲಬುರಗಿ ಎಪಿಎಂಸಿ, ಬೀದರ್ ಬಜಾರಿನಲ್ಲಿ ಕಿರಾಣಿ, ಔಷಧ, ಹಾಲು ಹಂಚುವ ಗಾಡಿಗಳಿಗೆ ಡ್ರೈವರ್ ಬೇಕೇ ಬೇಕು. ದುಡ್ಡು ಕಡಿಮೆ, ಆದರೆ ರಾತ್ರಿ ಮನೆಯಲ್ಲಿ ರೊಟ್ಟಿ. ಇಕ್ಕಟ್ಟಿನ ಓಣಿಯಲ್ಲಿ ರಿವರ್ಸ್ ತೆಗೆಯುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಇಲ್ಲ. ಹೆವಿ ಲೈಸೆನ್ಸ್ ಇಲ್ಲದ ಕ್ಲೀನರ್ ಕೈಗೆ ರಾತ್ರಿ ಸ್ಟೇರಿಂಗ್ ಕೊಡುವ ಮಾಲಕರಿದ್ದಾರೆ. ಅವರ ಮಾತಿಗೆ ಮರುಳಾಗಬೇಡಿ, ಅಪಘಾತವಾದರೆ ವಿಮೆ ಕಂಪನಿ ನಿಮ್ಮ ಪರ ನಿಲ್ಲುವುದಿಲ್ಲ.

ಯಾರಿಗೆ ಯಾವುದು

ಮದುವೆಯಾಗಿ ಸಣ್ಣ ಮಕ್ಕಳಿದ್ದರೆ, ಮನೆಯಲ್ಲಿ ಗಂಡು ದಿಕ್ಕು ನೀವೊಬ್ಬರೇ ಆಗಿದ್ದರೆ, ಸಿಮೆಂಟ್ ಟ್ರಾನ್ಸ್‌ಪೋರ್ಟ್. ತಿಂಗಳ ಪಗಾರದ್ದು, ಹತ್ತಾರು ಗಾಡಿ ಇರುವುದು. ಮನೆಗೆ ಹೊಲದ ಆಸರೆ ಇದ್ದು, ಗಾಡಿಯ ಕಸುಬನ್ನು ಬೇರಿನಿಂದ ಕಲಿತು ನಾಳೆ ಸ್ವಂತ ಗಾಡಿ ಹಾಕುವ ಮನಸ್ಸಿದ್ದರೆ ಊರಿನ ಸಣ್ಣ ಮಾಲಕ. ಆದರೆ ಕಾಗದ ಚೊಕ್ಕ ಇರುವವನು. ಮನೆಯಲ್ಲಿ ಕಾಯಿಲೆಯವರಿದ್ದು, ದೂರ ಇರಲು ನೀವು ತಯಾರಿದ್ದರೆ ಕಂಪನಿ. ಕೆಕೆಆರ್‌ಟಿಸಿ (ನಮ್ಮ ಭಾಗದ ಸರ್ಕಾರಿ ಬಸ್ ನಿಗಮ) ನೇಮಕಕ್ಕೆ ಕಾಯುತ್ತಿರುವವರು ಬಹಳ ಜನ. ಅಂಥವರು ಎಲ್ಲೇ ಸೇರಿದರೂ ಖಾತೆಗೆ ಪಗಾರ, ಕೈಗೆ ಅನುಭವದ ಕಾಗದ ಕೊಡುವ ಕಡೆಯೇ ಸೇರಿ. ಲೈಸೆನ್ಸಿನ ಮೇಲೆ ಒಂದು ಕೇಸೂ ಬೀಳದ ಹಾಗೆ ನೋಡಿಕೊಳ್ಳಿ.

ಎಲ್ಲಿ ಸೇರಿದರೂ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ಸಾರಿಗೆ ಕಾರ್ಮಿಕರ ನೋಂದಣಿ ಮಾಡಿಸಿ. ಅದಕ್ಕೆಂದೇ ಪ್ರತ್ಯೇಕ ಮಂಡಳಿ ಇದೆ. ಪಿಎಫ್ ಇಲ್ಲದ ಸಣ್ಣ ಮಾಲಕನ ಹತ್ತಿರ ಇರುವವರಿಗೆ ಇದು ಬಹಳ ಅಗತ್ಯ.

ಚಿತ್ತಾಪುರದ ಹುಡುಗ ಇದನ್ನೆಲ್ಲ ಕೇಳಿಕೊಂಡು ಮೊದಲು ಮಾಮನ ಗಾಡಿ ನೋಡಲು ಹೋದ. ಟೈರ್ ಚೆನ್ನಾಗಿದ್ದವು, ತಾಡಪತ್ರಿ ಹೊಸದು, ಆದರೆ ಎಫ್‌ಸಿ ಮುಗಿದು ಎರಡು ತಿಂಗಳಾಗಿತ್ತು. “ಮಾಮಾ, ಎಫ್‌ಸಿ ಆದ ಮ್ಯಾಲ ಹೇಳ್ರಿ, ಬರ್ತೀನಿ” ಎಂದು ಸಂಬಂಧ ಕೆಡಿಸಿಕೊಳ್ಳದೆ ಬಂದ. ಹೈದರಾಬಾದಿನವರು ಏಜೆನ್ಸಿ ಹೆಸರಿನ ಕಾಗದ ಕಳಿಸಿದರು, ಅವ್ವನೂ ಒಪ್ಪಲಿಲ್ಲ. ಈಗ ಸೇಡಂ ಗಾಡಿಯಲ್ಲಿದ್ದಾನೆ, ಪಕ್ಕದಲ್ಲಿ ಐವತ್ತರ ಹಿರಿಯ ಡ್ರೈವರ್.

ಮೊನ್ನೆ ಫೋನ್ ಮಾಡಿದ್ದ. ಫ್ಯಾಕ್ಟರಿ ಗೇಟಿನಲ್ಲಿ ಎರಡನೇ ದಿನ, ಆಫೀಸಿನವರು ಒಂದೇ ದಿನದ ಹಾಲ್ಟಿಂಗ್ ಭತ್ತಾ ಬರೆದುಕೊಂಡಿದ್ದಾರೆ, ಏನು ಮಾಡಲಿ ಎಂದು ಕೇಳಿದ. ಗೇಟ್ ಪಾಸಿನ ಮೇಲೆ ಒಳಬಂದ ಸಮಯ ಇರುತ್ತದೆ, ಅದರ ಫೋಟೊ ತೆಗೆದು ಆಫೀಸಿಗೆ ಕಳಿಸು ಎಂದೆ. ಸಂಜೆ ಮತ್ತೆ ಫೋನ್ ಬಂತು: “ಬರ್ಕೊಂಡ್ರು ಕಾಕಾ, ಎರಡ್ ದಿನದ್ದು. ಲೋಡ್ ಆತು, ನಾಳಿ ಮುಂಜಾನಿ ಹೊಂಟೀವಿ. ರಾತ್ರಿ ಮಲಕೋ ಅಂದಾರ.”